ಪಥ್ಯ ತಪ್ಪಿದವನ ಹೊಣೆ ಯಾರದು?

ವೈದ್ಯನು ಔಷಧವನ್ನು ಕೊಡುತ್ತಾನೆ. ರೋಗಿಯು ಅದನ್ನು ಸೇವಿಸಬೇಕು. ಮಾತು ಸರಳವಾಗಿಯೇ ಇದೆ. ಆದರೆ ರೋಗನಿದಾನವು ಸರಿಯಾಗಿದ್ದು, ಔಷಧವೂ ಸರಿಯಾಗಿದ್ದು, ರೋಗಿಯು ಮಾತ್ರ ಹೇಳಿದಂತೆ ನಡೆಯದೆ ಹೋದರೆ ಆ ತಪ್ಪು ಯಾರದು? ಲೋಕವು ಕ್ಷಣಮಾತ್ರವೂ ಯೋಚಿಸದೆ ಅದು ರೋಗಿಯದೆಂದು ತೀರ್ಪು ಕೊಡುತ್ತದೆ. ವೈದ್ಯನೂ ಹಾಗೆಯೇ ಹೇಳುತ್ತಾನೆ. ಮನೆಯವರೂ ಹಾಗೆಯೇ ಹೇಳುತ್ತಾರೆ. ಕಡೆಗೆ ರೋಗಿಯೂ ಅದನ್ನೇ ನಂಬಿ ತಲೆ ತಗ್ಗಿಸುತ್ತಾನೆ. ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದನ್ನು ವಾಚಕರೊಡನೆ ಸ್ವಲ್ಪ ಪರಿಭಾವಿಸಬೇಕೆಂಬುದೇ ಈ ಲೇಖನದ ಉದ್ದೇಶವಾಗಿದೆ.

ಇದು ಯಾರೋ ಒಬ್ಬಿಬ್ಬರು ಸೋಮಾರಿಗಳ ಸಂಗತಿಯಾಗಿದ್ದರೆ ಇಷ್ಟು ವಿಚಾರ ಬೇಕಾಗುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2003ರಲ್ಲಿ ಪ್ರಕಟಿಸಿದ ವರದಿಯೊಂದರ ಪ್ರಕಾರ, ದೀರ್ಘಕಾಲದ ಬೇನೆಗಳುಳ್ಳವರಲ್ಲಿ ಚಿಕಿತ್ಸೆಯನ್ನು ಹೇಳಿದಂತೆಯೇ ನಡೆಸಿಕೊಂಡು ಹೋಗುವವರು, ಸಂಪದ್ಭರಿತವಾದ ದೇಶಗಳಲ್ಲಿಯೂ ಸರಾಸರಿ ನೂರಕ್ಕೆ 50 ಮಂದಿ ಮಾತ್ರ. ಬಡ ದೇಶಗಳಲ್ಲಿ ಇನ್ನೂ ಕಡಿಮೆ. ಮಧುಮೇಹ, ರಕ್ತದ ಒತ್ತಡ, ಕ್ಷಯ, ಮೂರ್ಛೆರೋಗ ಇವೆಲ್ಲವೂ ಈ ಲೆಕ್ಕದಲ್ಲಿ ಸೇರುತ್ತವೆ. ಅರ್ಧ ಮಾನವಕುಲವೇ ಅವಿವೇಕಿಯೆಂದು ಹೇಳುವ ಧೈರ್ಯವು ಯಾರಿಗೂ ಬಾರದು. ಹಾಗಾದರೆ ಕಾರಣವು ರೋಗಿಯ ಸ್ವಭಾವದ ಹೊರಗೆ ಎಲ್ಲಿಯೋ ಇದ್ದಿರಬೇಕು. ಅದನ್ನು ಹುಡುಕುವುದು ಕರ್ತವ್ಯ.

ನಮ್ಮ ದೇಶದ ಪ್ರಾಚೀನ ವೈದ್ಯಶಾಸ್ತ್ರವು ಈ ಪ್ರಶ್ನೆಯನ್ನು ಅರಿಯದೆ ಇರಲಿಲ್ಲ. ಚರಕ ಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ಅಲ್ಲಿ ನಿಯಮಿಸಿದೆ. ರೋಗಿಗೆ ಹೇಳಿರುವ ಗುಣಗಳು ಯಾವುವೆಂದರೆ ಸ್ಮೃತಿ, ನಿರ್ದೇಶಕಾರಿತ್ವ, ಅಭೀರುತ್ವ ಮತ್ತು ಜ್ಞಾಪಕತ್ವ. ಅಂದರೆ ಅವನಿಗೆ ನೆನಪಿರಬೇಕು, ಹೇಳಿದಂತೆ ಮಾಡಬೇಕು, ಅಂಜದೆ ಇರಬೇಕು, ತನ್ನ ರೋಗದ ವೃತ್ತಾಂತವನ್ನು ವೈದ್ಯನಿಗೆ ತಿಳಿಯಪಡಿಸಬಲ್ಲವನಾಗಿರಬೇಕು. ಎರಡನೆಯ ಗುಣವನ್ನು ಹಿಡಿದುಕೊಂಡು ರೋಗಿಯನ್ನು ದೂಷಿಸುವವರು ಅದರ ಎಡಬಲಗಳಲ್ಲಿರುವ ಮಿಕ್ಕ ಮೂರು ಗುಣಗಳನ್ನು ಮರೆಯುತ್ತಾರೆ. ಅರ್ಥವಾಗದ ಭಾಷೆಯಲ್ಲಿ ಹೇಳಿದ್ದನ್ನು ಒಬ್ಬನು ಹೇಗೆ ಸ್ಮೃತಿಯಲ್ಲಿ ಇರಿಸಿಕೊಂಡಾನು? ಗದರಿಸಿಕೊಂಡವನಲ್ಲಿ ಅಭೀರುತ್ವವು ಹೇಗೆ ನಿಂತೀತು? ಬಾಯಿ ತೆರೆಯುವಷ್ಟರಲ್ಲಿಯೇ ಚೀಟಿಯನ್ನು ಕೈಗೆ ಕೊಟ್ಟು ಹೊರಗೆ ಕಳುಹಿಸಿದರೆ ಜ್ಞಾಪಕತ್ವಕ್ಕೆ ಎಡೆಯೆಲ್ಲಿ? ಈ ಮೂರನ್ನೂ ಕಸಿದುಕೊಂಡು ವಿಧೇಯತೆಯೊಂದನ್ನು ಮಾತ್ರ ಕೇಳುವುದೆಂದರೆ ಎತ್ತಿನ ಕಾಲುಗಳನ್ನು ಕಟ್ಟಿ ಗಾಡಿ ಹೊಡೆದಂತೆಯೇ ಸರಿ. ಪರಿಚಾರಕನ ಗುಣಗಳಲ್ಲಿ ಅನುರಾಗವನ್ನೂ ಗ್ರಂಥಕಾರನು ಎಣಿಸಿದ್ದಾನೆಂಬುದನ್ನು ಇಲ್ಲಿ ಗಮನಿಸಬೇಕು. ಅನುರಾಗವು ಅಲ್ಲಿ ಸೌಜನ್ಯದ ಅಲಂಕಾರವಾಗಿ ಬಂದಿಲ್ಲ. ಚಿಕಿತ್ಸೆಯ ಸಾಮಗ್ರಿಯಾಗಿಯೇ ಬಂದಿದೆ.

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನು ವೈದ್ಯವನ್ನೇ ಕಾಯಕವಾಗಿ ಉಳ್ಳವನು; ತನ್ನ ವೃತ್ತಿಯ ಪರಿಭಾಷೆಯನ್ನೇ ಬಳಸಿಕೊಂಡು ಆತನು ಭವರೋಗದ ವಿಚಾರವನ್ನು ನುಡಿದನೆಂದು ಈ ಪತ್ರಿಕೆಯ ವಾಚಕರು ಬಲ್ಲರು. ವೈದ್ಯವು ಕಾಯಕವೆಂದ ಮೇಲೆ ಅದರ ಹಿಂದೆ ದಾಸೋಹಭಾವವು ಇರಲೇಬೇಕು. ದಾಸೋಹದಲ್ಲಿ ಕೊಡುವವನು ಆಳು, ಪಡೆಯುವವನು ಒಡೆಯ. ಈ ನಿಲವನ್ನು ಇಂದಿನ ಆಸ್ಪತ್ರೆಯ ಮೇಜಿನ ಬಳಿಗೆ ತಂದು ನೋಡಿದರೆ ಅಲ್ಲಿಯ ವ್ಯವಸ್ಥೆಯು ತಲೆಕೆಳಗಾಗಿರುವುದು ಕಾಣುತ್ತದೆ. ವೈದ್ಯನಿಗೆ ಕೈಯಿರುವ ಎತ್ತರದ ಕುರ್ಚಿ, ರೋಗಿಗೆ ಬೆನ್ನಿಲ್ಲದ ಸಣ್ಣ ಪೀಠ. ಒಡೆಯನು ಅಪ್ಪಣೆಗಾಗಿ ಕಾಯುತ್ತಿದ್ದಾನೆ, ಆಳು ಅಪ್ಪಣೆ ಕೊಡುತ್ತಿದ್ದಾನೆ. ಭೃತ್ಯಭಾವವೆಂದರೆ ರೋಗಿಯು ಕೇಳಿದ್ದನ್ನೆಲ್ಲ ಕೊಡುವುದೆಂದು ಯಾರೂ ಅಪಾರ್ಥ ಮಾಡಿಕೊಳ್ಳಬಾರದು. ಒಳ್ಳೆಯ ಆಳು ಒಡೆಯನಿಗೆ ಹಿತವನ್ನೇ ಹೇಳುತ್ತಾನೆ. ಅಹಿತವಾದುದನ್ನು ಬೇಡವೆಂದೂ ಹೇಳುತ್ತಾನೆ. ಆದರೆ ಒಡೆಯನ ಮನೆಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ತಿಳಿದುಕೊಂಡು ಹೇಳುತ್ತಾನೆ.

ಬಲಾತ್ಕಾರದಿಂದ ಚಿಕಿತ್ಸೆಯು ನಡೆಯುವುದೇ ಎಂದು ಕೇಳುವವರಿಗೆ ನಮ್ಮ ಬೆಂಗಳೂರಿನ ಚರಿತ್ರೆಯೇ ಉತ್ತರ ಕೊಡುತ್ತದೆ. 1898ರ ಆಗಸ್ಟಿನಲ್ಲಿ ಪ್ಲೇಗು ರೈಲಿನ ಮಾರ್ಗವಾಗಿ ನಗರವನ್ನು ಪ್ರವೇಶಿಸಿತು. ಉಪ್ಪಾರಪೇಟೆ, ಚಿಕ್ಕಪೇಟೆ, ಬಳೇಪೇಟೆ, ತರಗುಪೇಟೆ ಮೊದಲಾದ ಹಳೆಯ ಪೇಟೆಗಳಲ್ಲಿ ಮನೆಗೆ ಮನೆ ತಾಗಿಕೊಂಡಿತ್ತು. ಗಾಳಿ ಬೆಳಕುಗಳಿಗೆ ಎಡೆಯಿರಲಿಲ್ಲ. ರೋಗಿಗಳನ್ನು ಬೇರ್ಪಡಿಸಿ ಶಿಬಿರಗಳಿಗೆ ಸಾಗಿಸುವುದು, ಮನೆಗಳನ್ನು ಶೋಧಿಸುವುದು, ಸೋಂಕು ತಗುಲಿದ ಮನೆಗಳನ್ನು ತೆರವು ಮಾಡಿಸುವುದು ಇವೇ ಮೊದಲಾದ ಕ್ರಮಗಳು ಜಾರಿಗೆ ಬಂದವು. ಸಂಸ್ಥಾನದ ಪ್ಲೇಗ್ ಕಮಿಷನರಾಗಿದ್ದ ವಿ. ಪಿ. ಮಾಧವರಾಯರಂಥ ದಕ್ಷ ಅಧಿಕಾರಿಗಳ ಸದುದ್ದೇಶದಲ್ಲಿ ಸಂದೇಹಪಡಬೇಕಾಗಿಲ್ಲ. ಉದ್ದೇಶವು ಜನರ ಪ್ರಾಣರಕ್ಷಣೆ. ಆದರೆ ಜನರು ಮಾಡಿದ್ದೇನು? ರೋಗಿಗಳನ್ನು ಮರೆಮಾಡಿದರು, ಶವಗಳನ್ನೂ ಮರೆಮಾಡಿದರು, ಅನೇಕರು ಮನೆಗಳಿಗೆ ಬೀಗ ಹಾಕಿ ಊರು ಬಿಟ್ಟರು, ಕೆಲವರು ರೋಗವನ್ನೂ ಜೊತೆಯಲ್ಲಿ ಒಯ್ದರು. ಶಿಬಿರಕ್ಕೆ ಹೋದವರು ಹಿಂದಿರುಗುವುದಿಲ್ಲವೆಂಬ ವದಂತಿಗೆ ಯಾವ ಜಾಹೀರಾತೂ ಉತ್ತರ ಹೇಳಲಾರದೆ ಹೋಯಿತು. ಕೆಲವೇ ವರ್ಷಗಳಲ್ಲಿ ದೇಶದ ಆಡಳಿತವು ಬಲಾತ್ಕಾರದ ಕ್ರಮಗಳನ್ನು ಸಡಿಲಿಸಬೇಕಾಯಿತು.

ಅದೇ ಪಿಡುಗಿನ ಫಲವಾಗಿ ಮಲ್ಲೇಶ್ವರ, ಬಸವನಗುಡಿಗಳೆಂಬ ವಿಶಾಲವಾದ ಬಡಾವಣೆಗಳು ಹುಟ್ಟಿದವು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯು ತೆರೆಯಿತು. ಅಗಲವಾದ ಬೀದಿಗಳ ಹೊಸ ಬಡಾವಣೆಗೆ ಜನರು ತಾವಾಗಿಯೇ ಹೋದರು. ಅಲ್ಲಿಗೆ ಯಾರನ್ನೂ ಎಳೆದುಕೊಂಡು ಹೋಗಬೇಕಾಗಲಿಲ್ಲ. ಹಿತವು ಕಣ್ಣಿಗೆ ಕಂಡಾಗ ಕಾಲು ತಾನೇ ಮುಂದೆ ನಡೆಯುತ್ತದೆ. ಪ್ಲೇಗ್ ಮಾರಮ್ಮನ ಗುಡಿಯು ಬೆಂಗಳೂರಿನಲ್ಲಿ ಇಂದಿಗೂ ಇದೆ. ಅದನ್ನು ಬರಿಯ ಮೌಢ್ಯವೆಂದು ನಗುವವರಿದ್ದಾರೆ. ಶೋಧನೆಗೆ ಬಂದ ಅಧಿಕಾರಿಯ ಮುಂದೆ ಹೇಳಿಕೊಳ್ಳಲಾಗದ ಭಯವನ್ನು ಆ ತಾಯಿಯ ಮುಂದೆ ಹೇಳಿಕೊಳ್ಳುವುದು ಅಂದಿನ ಜನಕ್ಕೆ ಸಾಧ್ಯವಾಯಿತೆಂದು ನನಗೆ ತೋರುತ್ತದೆ.

ಪ್ಲೇಗಿನ ಈ ಪಾಠವನ್ನು ನಾವು ಬೇಗ ಮರೆತೆವು. ಆರು ದಶಕಗಳ ಬಳಿಕ ಇದೇ ನಗರದಿಂದ ಇನ್ನೊಂದು ಪಾಠವು ಬಂದಿತು. ಇದು ಇನ್ನೂ ಆಳವಾದುದು. ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. 1960ರಲ್ಲಿ ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರು ಅದನ್ನು ಉದ್ಘಾಟಿಸಿದರು. ಹಳ್ಳಿಯ ಜನರು ಅಜ್ಞಾನಿಗಳು, ಕ್ಷಯದ ಲಕ್ಷಣಗಳನ್ನು ಅರಿಯರು, ಆಸ್ಪತ್ರೆಗೆ ಬಾರರು, ಆದಕಾರಣ ಮೊದಲು ಪ್ರಚಾರದಿಂದ ಅವರನ್ನು ಎಚ್ಚರಗೊಳಿಸಬೇಕು, ಕ್ಷ-ಕಿರಣದ ಬಂಡಿಗಳನ್ನು ಊರೂರಿಗೆ ಅಟ್ಟಿ ರೋಗಿಗಳನ್ನು ಹುಡುಕಬೇಕು ಎಂಬುದು ಆ ಕಾಲದ ಅನೇಕ ತಜ್ಞರ ಅಭಿಪ್ರಾಯವಾಗಿದ್ದಿತು. ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ವಿದ್ವಾಂಸರು ಈ ಅಭಿಪ್ರಾಯವನ್ನು ಹಾಗೆಯೇ ನಂಬದೆ, ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಸಮೀಕ್ಷೆಯಲ್ಲಿ ಪತ್ತೆಯಾಗಿದ್ದ ರೋಗಿಗಳನ್ನೇ ವಿಚಾರಿಸಿದರು. ಅವರ ಪ್ರಬಂಧವು 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅವರು ಕಂಡುದೇನು? ಕಫದಲ್ಲಿ ರೋಗಾಣುಗಳಿದ್ದ ರೋಗಿಗಳಲ್ಲಿ ಬಹುತೇಕ ಎಲ್ಲರೂ ತಮ್ಮ ಲಕ್ಷಣಗಳನ್ನು ಬಲ್ಲವರಾಗಿದ್ದರು. ಬಹಳ ಮಂದಿ ಆ ಬಗ್ಗೆ ಚಿಂತಿತರಾಗಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿ ಬಂದಿದ್ದರು! ಅಲ್ಲಿ ಅವರಿಗೆ ದೊರೆತುದು ಸಾಮಾನ್ಯವಾಗಿ ಕೆಮ್ಮಿನ ಔಷಧದ ಒಂದು ಸೀಸೆ. ಅವರು ಕೆಮ್ಮುತ್ತ ಬಂದರು, ಸೀಸೆಯನ್ನು ಹಿಡಿದು ಕೆಮ್ಮುತ್ತಲೇ ಹಿಂದಿರುಗಿದರು. ಅವರ ಕಫವನ್ನು ಯಾರೂ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಲಿಲ್ಲ. ಅಜ್ಞಾನವು ಹಳ್ಳಿಯಲ್ಲಿದೆಯೆಂದು ಹುಡುಕಹೊರಟವರಿಗೆ ಅದು ಆಸ್ಪತ್ರೆಯ ಮೇಜಿನ ಹಿಂದೆ ಕುಳಿತಿರುವುದು ಕಂಡಿತು. ಈ ಒಂದು ವಿಚಾರಣೆಯ ಬೆಳಕಿನಲ್ಲಿ, ತಾವಾಗಿಯೇ ಕೆಮ್ಮೆಂದು ಬಂದವರ ಕಫವನ್ನು ಸಾಮಾನ್ಯ ಆಸ್ಪತ್ರೆಯಲ್ಲಿಯೇ ಪರೀಕ್ಷಿಸುವ ಪದ್ಧತಿಯು ದೇಶದ ಜಿಲ್ಲಾ ಕ್ಷಯ ಕಾರ್ಯಕ್ರಮದ ಅಡಿಪಾಯವಾಯಿತು. ತುಮಕೂರಿನ ಆ ಬಡ ರೈತರು ನಿರ್ದೇಶಕಾರಿಗಳೇ ಆಗಿದ್ದರು, ನಿರ್ದೇಶವೇ ತಪ್ಪಾಗಿದ್ದಿತು. ಆ ಸೀಸೆಯ ಔಷಧವನ್ನು ಅವರು ಎಷ್ಟು ನಿಷ್ಠೆಯಿಂದ ಕುಡಿದಿದ್ದರೂ ಕ್ಷಯವು ವಾಸಿಯಾಗುತ್ತಿರಲಿಲ್ಲ.

ಹೇಳಿಕೆಯು ಸರಿಯಾಗಿದ್ದಾಗಲೂ ರೋಗಿಯು ಬಿಟ್ಟುಬಿಡುವುದಿಲ್ಲವೆ ಎಂದು ಕೇಳಬಹುದು. ಬಿಡುತ್ತಾನೆ. ಮದರಾಸಿನ ಕ್ಷಯ ಚಿಕಿತ್ಸಾ ಕೇಂದ್ರದಲ್ಲಿ 1956ರಿಂದ ನಡೆದ ಪ್ರಸಿದ್ಧವಾದ ಪ್ರಯೋಗವು ಇದನ್ನೂ ತೋರಿಸಿಕೊಟ್ಟಿತು. ಬಡ ಕುಟುಂಬಗಳ 193 ರೋಗಿಗಳಲ್ಲಿ ಕೆಲವರನ್ನು ಆರೋಗ್ಯಧಾಮದಲ್ಲಿಯೂ ಕೆಲವರನ್ನು ಅವರವರ ಮನೆಗಳಲ್ಲಿಯೂ ಇರಿಸಿ ಒಂದೇ ಔಷಧವನ್ನು ಕೊಟ್ಟುನೋಡಲಾಗಿ, ಇಕ್ಕಟ್ಟಾದ ಮನೆ ಮತ್ತು ತೆಳುವಾದ ಊಟಗಳ ನಡುವೆಯೂ ಮನೆಯ ಚಿಕಿತ್ಸೆಯ ಫಲವು ಆರೋಗ್ಯಧಾಮದ ಫಲಕ್ಕೆ ಸಮೀಪವಾಗಿಯೇ ಬಂದಿತು. ಅಂದಿನಿಂದ ಲೋಕದಾದ್ಯಂತ ಆರೋಗ್ಯಧಾಮಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಆದರೆ ರೋಗಿಯು ಮನೆಯಲ್ಲಿದ್ದಾಗ ಮಾತ್ರೆಯನ್ನು ನುಂಗಿದನೆಂದು ತಿಳಿಯುವುದು ಹೇಗೆ? ವ್ಯಾಲೇಸ್ ಫಾಕ್ಸ್ ಮತ್ತು ಅವರ ಸಂಗಡಿಗರು ಅನಿರೀಕ್ಷಿತವಾಗಿ ಮನೆಗೆ ಹೋಗಿ ಮಾತ್ರೆಗಳನ್ನು ಎಣಿಸಿದರು; ಮೂತ್ರವನ್ನು ಪರೀಕ್ಷಿಸಿದರು. ಬಿಡುವವರು ಸಾಕಷ್ಟು ಮಂದಿ ಇದ್ದರು. ತನ್ನಿಮಿತ್ತವಾಗಿ, ವಾರಕ್ಕೆರಡು ಬಾರಿ ಆರೋಗ್ಯ ಕಾರ್ಯಕರ್ತರ ಕಣ್ಣೆದುರಿಗೇ ಔಷಧ ಕೊಡುವ ಪದ್ಧತಿಯನ್ನು ಅಲ್ಲಿ 1960ರ ದಶಕದಲ್ಲಿ ಪರೀಕ್ಷಿಸಿ ನೋಡಿದರು. 1997ರಿಂದ ನಮ್ಮ ದೇಶದ ಪರಿಷ್ಕೃತ ಕ್ಷಯ ಕಾರ್ಯಕ್ರಮವು ನೋಡುವವರ ಎದುರಿಗೆ ನುಂಗಿಸುವ ಈ ತತ್ತ್ವವನ್ನೇ ಹಿಡಿಯಿತು. ಈಚೆಗೆ ಅದಕ್ಕೆ ದೂರವಾಣಿಯೂ ಸೇರಿತು. ಬೆಂಗಳೂರಿನ ಸಂಶೋಧಕರು ರೂಪಿಸಿದ ಒಂದು ವಿಧಾನದಲ್ಲಿ, ಮಾತ್ರೆಯನ್ನು ಹೊರತೆಗೆದಾಗ ಲಕೋಟೆಯೊಳಗೆ ಅಡಗಿದ್ದ ಒಂದು ಸಂಖ್ಯೆಯು ಕಾಣಿಸುತ್ತದೆ. ರೋಗಿಯು ಆ ಸಂಖ್ಯೆಗೆ ಕಾಸಿಲ್ಲದ ಕರೆಯೊಂದನ್ನು ಮಾಡಿದರೆ ಅಂದಿನ ಮಾತ್ರೆಯ ಲೆಕ್ಕವು ದಾಖಲಾಗುತ್ತದೆ.

ಜಾಣತನದ ಉಪಾಯವೇ ಸರಿ. ಆದರೆ ಕರೆ ಬಂದಿತೆಂಬ ಮಾತ್ರಕ್ಕೆ ಮಾತ್ರೆಯು ಹೊಟ್ಟೆ ಸೇರಿತೆಂದು ಹೇಳಲಾಗದು. ಕರೆ ಬಾರಲಿಲ್ಲವೆಂದರೆ ಮಾತ್ರೆ ತಪ್ಪಿತೆಂದೂ ಅಲ್ಲ, ಆ ದಿನ ಮನೆಯ ಒಂದೇ ದೂರವಾಣಿಯನ್ನು ಮಗನು ಕೆಲಸಕ್ಕೆ ಒಯ್ದಿರಬಹುದು. ಕಣ್ಗಾವಲಿಗೂ ಮಿತಿಯುಂಟು. ಪಾಕಿಸ್ತಾನದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯ ಕಾರ್ಯಕರ್ತರ ಎದುರಿಗೆ ನುಂಗಿದವರು, ಮನೆಯವರ ಎದುರಿಗೆ ನುಂಗಿದವರು, ತಾವಾಗಿಯೇ ನುಂಗಿದವರು ಈ ಮೂರೂ ಗುಂಪುಗಳ ಫಲವು ಹೆಚ್ಚುಕಡಿಮೆ ಒಂದೇ ಆಗಿದ್ದಿತು. ಕಾವಲಿನವನು ನಿಂತಿದ್ದಾನೆಂದು ಮಾತ್ರೆ ನುಂಗುವವನು, ಕಾವಲಿನವನಿಲ್ಲದ ಊರಿಗೆ ಹೋದ ದಿನ ಏನು ಮಾಡುತ್ತಾನೆ? ಇದು ವೈದ್ಯದ ಪ್ರಶ್ನೆಯಾಗಿರುವಂತೆ ಧರ್ಮದ ಪ್ರಶ್ನೆಯೂ ಆಗಿದೆ. ಅರಿವಿಲ್ಲದೆ ಬಂದ ಆಚಾರವು ಎಷ್ಟು ದಿನ ನಿಂತೀತೆಂಬುದನ್ನು ಶರಣರು ಬೇರೊಂದು ಸಂದರ್ಭದಲ್ಲಿ ಬಹಳ ಹಿಂದೆಯೇ ವಿಚಾರಿಸಿದ್ದಾರೆ.

ಬಿಡುವವನು ಏಕೆ ಬಿಡುತ್ತಾನೆಂಬುದನ್ನು ಅವನಿಂದಲೇ ಕೇಳಿ ತಿಳಿಯುವುದು ಮೊದಲ ಕೆಲಸ. ಕ್ಷಯದ ಚಿಕಿತ್ಸೆಯು ಸಾಮಾನ್ಯವಾಗಿ ಆರು ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಔಷಧಗಳು, ಆಮೇಲಿನ ನಾಲ್ಕು ತಿಂಗಳು ಮೂರು. ಕೆಲವು ವಾರಗಳಲ್ಲಿಯೇ ಜ್ವರ ಇಳಿಯುತ್ತದೆ, ಕೆಮ್ಮು ತಗ್ಗುತ್ತದೆ, ಹಸಿವು ಹಿಂದಿರುಗುತ್ತದೆ. ಗುಣವಾಯಿತೆಂದು ರೋಗಿಯು ತಿಳಿಯುವುದು ಸಹಜ. ನಾವೆಲ್ಲರೂ ಜ್ವರ ಬಿಟ್ಟ ದಿನವೇ ಕಷಾಯ ಬಿಟ್ಟವರು. ರೋಗಾಣುಗಳಲ್ಲಿ ಕೆಲವು ಇನ್ನೂ ಅಡಗಿ ಮಲಗಿವೆ, ಅರ್ಧಕ್ಕೆ ನಿಲ್ಲಿಸಿದರೆ ಅವು ಔಷಧಕ್ಕೆ ಬಗ್ಗದವುಗಳಾಗಿ ಏಳಬಹುದು ಎಂದು ಮೊದಲ ದಿನವೇ ಯಾರಾದರೂ ಕುಳಿತು ಹೇಳಿದ್ದರೆ ಅವನ ಯೋಚನೆಯೇ ಬೇರೆಯಾಗುತ್ತಿದ್ದಿತು. ಇನ್ನೊಂದು ಚಿಕ್ಕ ಸಂಗತಿ: ರಿಫಾಂಪಿಸಿನ್ ಎಂಬ ಔಷಧವು ಮೂತ್ರವನ್ನು ಕಿತ್ತಳೆಗೆಂಪಾಗಿ ಮಾಡುತ್ತದೆ. ಅದರಿಂದ ಹಾನಿಯೇನೂ ಇಲ್ಲ. ಮುಂಚೆಯೇ ತಿಳಿಸದೆ ಇದ್ದರೆ ಮರುದಿನ ಬೆಳಗ್ಗೆ ರೋಗಿಯು ರಕ್ತವೇ ಹೋಗುತ್ತಿದೆಯೆಂದು ಗಾಬರಿಯಾಗಿ ಔಷಧವನ್ನು ಬೀದಿಗೆ ಎಸೆದರೆ ಆಶ್ಚರ್ಯಪಡಬೇಕಾಗಿಲ್ಲ. ಒಂದು ವಾಕ್ಯದ ಖರ್ಚು ಅಷ್ಟೇ! ಆ ಒಂದು ವಾಕ್ಯವನ್ನು ಉಳಿಸಿದವನು ಆರು ತಿಂಗಳ ಚಿಕಿತ್ಸೆಯನ್ನು ಕಳೆದನು.

ಸಮಯವಿಲ್ಲವೆಂಬುದು ವೈದ್ಯರ ಉತ್ತರ. ಅದನ್ನು ಸುಳ್ಳೆನ್ನಲಾಗದು. ಅನೇಕ ದೇಶಗಳ ಲೆಕ್ಕವನ್ನು ಕೂಡಿಸಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಬ್ಬ ರೋಗಿಗೆ ಸಾಮಾನ್ಯ ವೈದ್ಯನು ಕೊಡುವ ಸಮಯವು ಸ್ವೀಡನ್ನಿನಲ್ಲಿ 22 ನಿಮಿಷಗಳಿಗಿಂತ ಹೆಚ್ಚು, ಬಾಂಗ್ಲಾದೇಶದಲ್ಲಿ 48 ಸೆಕೆಂಡುಗಳು. ನಮ್ಮ ದೇಶದಲ್ಲಿ ಎರಡು ನಿಮಿಷಗಳ ಆಸುಪಾಸು. ಎರಡು ನಿಮಿಷಗಳಲ್ಲಿ ಅನುರಾಗವನ್ನು ತೋರಿಸುವುದು ಹೇಗೆಂದು ಯಾವ ಸಂಹಿತೆಯೂ ಹೇಳಿಲ್ಲ. ಆದರೆ ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಪರಿಚಾರಕನೂ ಒಬ್ಬನಲ್ಲವೆ? ದಾದಿ, ಔಷಧ ಕೊಡುವವನು, ಬೀದಿಬೀದಿ ತಿರುಗುವ ಆಶಾ ಕಾರ್ಯಕರ್ತೆ, ಇವರ ಮಾತಿಗೆ ವೈದ್ಯನ ಮಾತಿಗಿಂತ ರೋಗಿಯ ಮನೆಯಲ್ಲಿ ಹೆಚ್ಚು ಬೆಲೆಯಿರುವುದೂ ಉಂಟು. ರೋಗಿಯು ಹೊರಡುವ ಮುನ್ನ, ‘ಈಗ ನಾನು ಹೇಳಿದ್ದನ್ನು ಮನೆಯಲ್ಲಿ ಹೇಗೆ ಹೇಳುವಿರಿ, ನನಗೊಮ್ಮೆ ಹೇಳಿ ತೋರಿಸಿ’ ಎಂದು ಇವರಲ್ಲಿ ಒಬ್ಬರು ಕೇಳಿದರೂ ಸಾಕು, ಏನು ತಲುಪಿತು, ಏನು ದಾರಿಯಲ್ಲಿ ಸೋರಿಹೋಯಿತು ಎಂಬುದು ತಿಳಿದುಬಿಡುತ್ತದೆ. ಇದು ರೋಗಿಯ ಪರೀಕ್ಷೆಯೆಂದು ತೋರಬಾರದು. ಹೇಳಿದವನು ಸರಿಯಾಗಿ ಹೇಳಿದನೇ ಎಂಬುದರ ಪರೀಕ್ಷೆ.

ಭಾಷೆಯ ಮಾತನ್ನು ಇಲ್ಲಿ ಬಿಡುವಂತಿಲ್ಲ. ಔಷಧದ ಚೀಟಿಯಲ್ಲಿ 1-0-1 ಎಂದು ಬರೆದಿರುತ್ತಾರೆ. ಬೆಳಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು ಎಂಬುದು ಅದರ ಅರ್ಥ. ಶಾಲೆಯ ಮೆಟ್ಟಿಲು ಹತ್ತದ ಮುದುಕಿಗೆ ಅದು ನೂರಾ ಒಂದೆಂದು ಕಂಡರೆ ನಗುವ ಹಕ್ಕು ನಮಗೆ ಯಾರು ಕೊಟ್ಟರು? ಔಷಧದ ಹೆಸರನ್ನು ಓದುವಂತೆ ಸ್ಪಷ್ಟವಾಗಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ಮಾಡಿತು. ಅಂಥದೊಂದು ನಿಯಮವು ಬೇಕಾಯಿತೆಂಬುದೇ ಸ್ಥಿತಿಯನ್ನು ಹೇಳುತ್ತದೆ. ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದ ಪುರುಷೋತ್ತಮ ಬಿಳಿಮಲೆಯವರು 2024ರಲ್ಲಿ, ಸರ್ಕಾರಿ ವೈದ್ಯರು ಚೀಟಿಗಳನ್ನು ಕನ್ನಡದಲ್ಲಿ ಬರೆಯುವಂತಾಗಬೇಕೆಂದು ಆರೋಗ್ಯ ಸಚಿವರಿಗೆ ಪತ್ರ ಬರೆದರು. ಔಷಧದ ಹೆಸರು ಯಾವ ಲಿಪಿಯಲ್ಲಿರಬೇಕೆಂಬ ವಾದವು ಹಾಗಿರಲಿ. ‘ಊಟವಾದ ಮೇಲೆ’, ‘ಬರಿಯ ಹೊಟ್ಟೆಯಲ್ಲಿ’ ಎಂಬ ಎರಡು ಮಾತುಗಳು ರೋಗಿಯ ನುಡಿಯಲ್ಲಿರುವುದಕ್ಕೆ ಯಾರ ಅಡ್ಡಿಯೂ ಇರಲಾರದು. ಉಪ್ಪಾರಪೇಟೆಯಂಥ ಕಡೆಯಲ್ಲಿ ಆ ನುಡಿಯು ಕನ್ನಡವಾಗಿರಬಹುದು, ತೆಲುಗು, ತಮಿಳು, ಉರ್ದು, ಹಿಂದಿ ಯಾವುದೂ ಆಗಿರಬಹುದು.

ರೋಗಿಯ ಮನೆಯ ದಿನಚರಿಯನ್ನು ಅರಿಯದ ಉಪದೇಶವು ಮನೆಯ ಹೊಸ್ತಿಲಲ್ಲಿಯೇ ನಿಂತುಬಿಡುತ್ತದೆ. ಸೋಮವಾರ ಉಪವಾಸ, ಶಿವರಾತ್ರಿಯ ಉಪವಾಸ ಇವನ್ನು ಬಿಡದೆ ನಡೆಸುವ ಮಧುಮೇಹಿಗಳು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಸಕ್ಕರೆಯನ್ನು ಇಳಿಸುವ ಕೆಲವು ಮಾತ್ರೆಗಳನ್ನು ಉಪವಾಸದ ದಿನವೂ ನುಂಗಿದರೆ ಸಕ್ಕರೆಯು ಅಪಾಯದ ಮಟ್ಟಕ್ಕೆ ಇಳಿದು ತಲೆಸುತ್ತು, ನಡುಕ, ಪ್ರಜ್ಞೆ ತಪ್ಪುವುದು ಇವು ಸಂಭವಿಸಬಹುದು. ‘ಉಪವಾಸ ಮಾಡಬೇಡಿ’ ಎಂದು ಒಂದೇ ಮಾತಿನಲ್ಲಿ ಅಪ್ಪಣೆ ಕೊಡಿಸುವ ವೈದ್ಯನ ಮುಂದೆ ರೋಗಿಯು ತಲೆಯಾಡಿಸುತ್ತಾನೆ, ಮನೆಗೆ ಬಂದು ಉಪವಾಸ ಮಾಡುತ್ತಾನೆ, ಮತ್ತೊಮ್ಮೆ ಹೋದಾಗ ಹೇಳುವುದಿಲ್ಲ. ‘ನಿಮಗೆ ಯಾವ ಯಾವ ದಿನ ಉಪವಾಸ? ಆ ದಿನ ಏನೇನು ಸೇವಿಸುತ್ತೀರಿ?’ ಎಂದು ಕೇಳುವ ವೈದ್ಯನಿಗೆ ಸತ್ಯವು ದೊರೆಯುತ್ತದೆ. ಸತ್ಯವು ದೊರೆತ ಮೇಲೆ ಮಾತ್ರೆಯ ಪ್ರಮಾಣವನ್ನೋ ಹೊತ್ತನ್ನೋ ಬದಲಾಯಿಸುವ ದಾರಿಯೂ ದೊರೆಯುತ್ತದೆ. ಅಂತೆಯೇ ಪ್ರತಿನಿತ್ಯವೂ ತಪ್ಪದೆ ಇಷ್ಟಲಿಂಗ ಪೂಜೆಯನ್ನು ಮಾಡುವವನಿಗೆ ನಿಯಮನಿಷ್ಠೆಯನ್ನು ಹೊಸದಾಗಿ ಕಲಿಸಬೇಕಾದುದಿಲ್ಲ. ರಕ್ತದ ಒತ್ತಡದ ಮಾತ್ರೆಯ ಡಬ್ಬಿಯನ್ನು ವಿಭೂತಿಯ ಕರಡಿಗೆಯ ಪಕ್ಕದಲ್ಲಿ ಇಡುವಂತೆ ಹೇಳಿದರೆ ಸಾಕು, ಪೂಜೆ ಮುಗಿದೊಡನೆ ಕೈಯು ತಾನೇ ಅಲ್ಲಿಗೆ ಹೋಗುತ್ತದೆ. ಬೇರೆ ಮನೆಯಲ್ಲಿ ಅದು ಕಾಫಿಯ ಲೋಟದ ಪಕ್ಕವಾಗಬಹುದು, ನಮಾಜಿನ ಚಾಪೆಯ ಪಕ್ಕವಾಗಬಹುದು. ಇದನ್ನು ಕ್ಷುಲ್ಲಕವೆಂದು ಭಾವಿಸುವವರು ಯಾವ ನೋವನ್ನೂ ತೋರದ ರೋಗಕ್ಕೆ ಜೀವಮಾನವೆಲ್ಲ ಮಾತ್ರೆ ನುಂಗುವುದು ಎಷ್ಟು ಕಷ್ಟವೆಂಬುದನ್ನು ಅರಿಯರು.

ಬಡತನದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ, ಎಲ್ಲರೂ ಬಲ್ಲರು. ಕ್ಷಯದ ಔಷಧವು ಸರ್ಕಾರದಿಂದ ಉಚಿತ. ಆದರೆ ಅದನ್ನು ತರಲು ಹೋದ ದಿನದ ಕೂಲಿಯು ಉಚಿತವಲ್ಲ. ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿಗಳನ್ನು ಕೊಡಲಾಗುತ್ತಿದ್ದಿತು. 2024ರಲ್ಲಿ ಅದನ್ನು 1000 ರೂಪಾಯಿಗಳಿಗೆ ಏರಿಸಿದರು. ಹಸಿದ ಹೊಟ್ಟೆಗೆ ಮಾತ್ರೆ ಒಗ್ಗದೆ ವಾಕರಿಕೆ ಬರುವವನಿಗೆ ಉಪದೇಶಕ್ಕಿಂತ ಊಟವೇ ಮೊದಲ ಔಷಧ.

ಇಷ್ಟೆಲ್ಲ ಮಾಡಿದ ಮೇಲೂ ಒಬ್ಬನು ಒಲ್ಲೆನೆಂದರೆ? ಇಲ್ಲಿ ನಿಜವಾದ ಧರ್ಮಸಂಕಟವಿದೆ. ಮಧುಮೇಹಿಯು ಒಲ್ಲೆನೆಂದರೆ ಹಾನಿಯು ಬಹುಪಾಲು ಅವನದು. ವಯಸ್ಕನಾದ, ಬುದ್ಧಿ ಸ್ವಾಧೀನದಲ್ಲಿರುವ ಮನುಷ್ಯನಿಗೆ ತನ್ನ ದೇಹದ ಮೇಲೆ ಒಡೆತನವಿದೆಯೆಂಬುದನ್ನು ಒಪ್ಪಲೇಬೇಕು. ಕ್ಷಯದವನು ಒಲ್ಲೆನೆಂದರೆ ಅವನ ಕೆಮ್ಮು ಒಂದೇ ಕೋಣೆಯಲ್ಲಿ ಮಲಗುವ ಕೂಸಿನ ಎದೆಗೂ ಸೇರುತ್ತದೆ. ಅಲ್ಲಿ ಬಲಾತ್ಕಾರವು ಎಂದಿಗೂ ಸಲ್ಲದೆಂದು ಹೇಳುವುದು ಸುಲಭವಲ್ಲ. ಆದರೂ ಪ್ಲೇಗಿನ ಅನುಭವವನ್ನು ನೆನೆದರೆ, ಬಲವನ್ನು ಮೊದಲು ಬಳಸಿದವನಿಗೆ ರೋಗಿಗಳು ಕಾಣಸಿಗುವುದಿಲ್ಲ. ಕೂಸಿನ ರಕ್ಷಣೆಯನ್ನು ತಂದೆಯ ಬಳಿಯೇ ಕೇಳಬೇಕು. ತನಗಾಗಿ ನುಂಗದ ಮಾತ್ರೆಯನ್ನು ಮಗುವಿಗಾಗಿ ನುಂಗುವ ತಂದೆಯರು ಲೋಕದಲ್ಲಿ ಕಡಿಮೆಯಿಲ್ಲ.

ನಡುವೆ ಬಿಟ್ಟು ಮತ್ತೆ ಬಂದವನನ್ನು ಹೇಗೆ ಬರಮಾಡಿಕೊಳ್ಳಬೇಕೆಂಬುದು ಇದಕ್ಕಿಂತಲೂ ದೊಡ್ಡ ಪ್ರಶ್ನೆಯೆಂದು ನನ್ನ ಅಭಿಪ್ರಾಯ. ಅವನು ಭಯವನ್ನು ಗೆದ್ದು, ನಾಚಿಕೆಯನ್ನು ಗೆದ್ದು, ಕೂಲಿಯನ್ನು ಬಿಟ್ಟು ಬಂದಿದ್ದಾನೆ. ಮೊದಲ ಮಾತೇ ಬೈಗುಳವಾದರೆ ಅವನು ಮುಂದಿನ ಸಲ ಬರುವುದಿಲ್ಲ, ಅಥವಾ ಬಂದು ಸುಳ್ಳು ಹೇಳುತ್ತಾನೆ. ‘ಏಕೆ ಬಿಟ್ಟಿರಿ?’ ಎಂದು ಕೇಳುವುದರ ಬದಲು, ‘ಇಷ್ಟು ಮಾತ್ರೆಗಳಲ್ಲಿ ಕೆಲವು ತಪ್ಪುವುದು ಎಲ್ಲರಿಗೂ ಉಂಟು, ನಿಮಗೆ ಎಷ್ಟು ತಪ್ಪಿದವು?’ ಎಂದು ಕೇಳಿದರೆ ಬಾಯಿ ತೆರೆಯುತ್ತದೆ. ತಪ್ಪಿದ ಲೆಕ್ಕವು ಸರಿಯಾಗಿ ತಿಳಿಯದ ಹೊರತು ಔಷಧವನ್ನು ಮುಂದುವರಿಸಬೇಕೇ, ಕಫವನ್ನು ಮತ್ತೆ ಪರೀಕ್ಷಿಸಿ ಬದಲಾಯಿಸಬೇಕೇ ಎಂಬುದನ್ನು ವೈದ್ಯನು ನಿರ್ಧರಿಸುವಂತೆಯೇ ಇಲ್ಲ.

ಉಪ್ಪಾರಪೇಟೆಯ ಮಗ್ಗುಲಿನಲ್ಲಿ ಹಿಂದೆ ಧರ್ಮಾಂಬುಧಿ ಕೆರೆಯಿದ್ದಿತು. ಆ ನೆಲದ ಮೇಲೆ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ, ಎದುರಿಗೆ ರೈಲು ನಿಲ್ದಾಣವಿದೆ. ಇಲ್ಲಿಯ ವಸತಿಗೃಹಗಳಲ್ಲಿ, ಹೋಟೆಲುಗಳ ಅಡಿಗೆಮನೆಗಳಲ್ಲಿ, ಗೋದಾಮುಗಳಲ್ಲಿ ದುಡಿಯುವವರಲ್ಲಿ ಅನೇಕರ ಊರು ಬೇರೆ, ಮನೆ ಬೇರೆ, ಇಂದಿನ ವಿಳಾಸ ಬೇರೆ. ಸುಗ್ಗಿಗೆ ಅಥವಾ ಜಾತ್ರೆಗೆ ಊರಿಗೆ ಹೋದವನು ಆಸ್ಪತ್ರೆಯ ಪುಸ್ತಕದಲ್ಲಿ ‘ಚಿಕಿತ್ಸೆ ತೊರೆದವನು’ ಎಂದು ನಮೂದಾಗುತ್ತಾನೆ. ಅವನು ತೊರೆದುದು ಬೆಂಗಳೂರನ್ನು ಮಾತ್ರ. ಕ್ಷಯ ಕಾರ್ಯಕ್ರಮದ ನಿಕ್ಷಯ್ ಎಂಬ ದಾಖಲೆಯಲ್ಲಿ ಅವನಿಗೊಂದು ಸಂಖ್ಯೆಯಿದೆ. ಅದನ್ನು ವರ್ಗಾಯಿಸಿದರೆ ಊರಿನ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿಯೇ ಮಿಕ್ಕ ಮಾತ್ರೆಗಳು ದೊರೆಯುತ್ತವೆ. ಆದರೆ ಅವನು ಹೋಗುವನೆಂಬುದು ಆಸ್ಪತ್ರೆಗೆ ಮುಂಚೆಯೇ ತಿಳಿಯಬೇಕು. ಅದು ತಿಳಿಯಬೇಕಾದರೆ ಮಾತ್ರೆ ಕೊಡುವವರು ಮೊದಲ ದಿನವೇ, ಚೀಟಿ ಬರೆಯುವುದಕ್ಕೂ ಮುಂಚೆ, ಊರು ಯಾವುದು, ಹಬ್ಬಕ್ಕೆ ಯಾವಾಗ ಹೋಗುವಿರಿ, ಎಷ್ಟು ದಿನ ಇರುವಿರಿ ಎಂದು ಕೇಳಿ ಬರೆದುಕೊಂಡಿರಬೇಕು.